ಸಹಾಯ ಬೇಕು: ಅಪ್ಪನ ಊಟ–ಸಿನಿಮಾ ಡೈರಿ ಉಳಿಸಿಕೊಳ್ಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯೋರು. ನಮ್ಮಪ್ಪ ದಿನಾ ರಾತ್ರಿ ಅವತ್ತಿನ ಊಟ, ನೋಡಿದ ಸಿನಿಮಾ ಡೈರೀಲಿ ಬರೆದಿಡೋರು. 1973ರ ಒಂದು ಪುಟ: ‘ಬೆಳಿಗ್ಗೆ ಬೆಣ್ಣೆ ದೋಸೆ. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ. ಸಂಜೆ ಮಂಡಕ್ಕಿ-ಮೆಣಸಿನಕಾಯಿ. ಸೆಕೆಂಡ್ ಶೋ ನಾಗರಹಾವು, ಮತ್ತೊಂದು ಸಲ. ದುರ್ಗದ ಕೋಟೆ ಪರದೆ ಮೇಲೆ ನೋಡಿ ಮೈ ಜುಮ್ಮೆಂದಿತು.’ ಮಂಡಕ್ಕಿ ರೇಟು ಸಮೇತ ಇದೆ! ಇಂಥ ವಿವರ ಬೇರೆಲ್ಲಿ ಸಿಗುತ್ತೆ ಹೇಳಿ.

ಈಗ ತೇವಕ್ಕೆ ಶಾಯಿ ಹರಡ್ತಿದೆ, ಹಾಳೆ ಅಂಚು ಮುಟ್ಟಿದ್ರೆ ಪುಡಿಯಾಗುತ್ತೆ. ಲ್ಯಾಮಿನೇಷನ್ ಖಂಡಿತ ಮಾಡಿಸಲ್ಲ, ಒಮ್ಮೆ ಅಂಟಿದ್ರೆ ಬಿಡಿಸೋಕಾಗಲ್ಲ. ಹೊಲಿಗೆ ಬಿಚ್ಚದೆ ಸ್ಕ್ಯಾನ್ ಮಾಡಿಕೊಡೋರು ದಾವಣಗೆರೆ, ಚಿತ್ರದುರ್ಗದ ಕಡೆ ಯಾರಾದ್ರೂ ಇದ್ದಾರಾ? ಮೊಬೈಲಲ್ಲೇ ಫೋಟೊ ತೆಗೆಯೋದಾದ್ರೆ ಮಾಸಿದ ಅಕ್ಷರ ಕಾಣೋಕೆ ಬೆಳಕು ಯಾವ ಕಡೆಯಿಂದ ಬೀಳಬೇಕು? ಹಳೇ ಕಾಗದ ಕಾಪಾಡಿ ಅನುಭವ ಇರೋರು ದಯವಿಟ್ಟು ತಿಳಿಸಿ. ಮಳೆಗಾಲದೊಳಗೆ ಮುಗಿಸಬೇಕು.