22/7 ಭಾಗಲಬ್ಧವಾದರೆ ಪೈ ಏಕೆ ಅಭಾಗಲಬ್ಧ?

ಪ್ರಶ್ನೆ (ಪೋಷಕಿ):
ಒಂಬತ್ತನೇ ತರಗತಿಯ ಮಗಳಿಗೆ ಸಂಖ್ಯಾ ಪದ್ಧತಿಯ ಪಾಠ ಹೇಳಿಕೊಡುತ್ತಿದ್ದೇನೆ. ಸ್ವಾಭಾವಿಕ ಸಂಖ್ಯೆಗಳ ಜೊತೆಗೆ ಸೊನ್ನೆ ಸೇರಿದರೆ ಪೂರ್ಣ ಸಂಖ್ಯೆಗಳು, ಋಣ ಸಂಖ್ಯೆಗಳೂ ಸೇರಿದರೆ ಪೂರ್ಣಾಂಕಗಳು ಎಂಬಲ್ಲಿಯವರೆಗೆ ತೊಡಕಾಗಲಿಲ್ಲ. ಆದರೆ ವೃತ್ತದ ಲೆಕ್ಕಗಳಲ್ಲೆಲ್ಲ ಪೈ ಬೆಲೆಯನ್ನು 22/7 ಎಂದು ಬಳಸುವಾಗ, ಮತ್ತು 22/7 ಭಾಗಲಬ್ಧ ಸಂಖ್ಯೆಯೇ (ಎರಡು ಪೂರ್ಣಾಂಕಗಳ ಭಿನ್ನರಾಶಿ) ಆಗಿರುವಾಗ, ಪೈ ಅಭಾಗಲಬ್ಧವೆಂದು ಪುಸ್ತಕದಲ್ಲಿ ಏಕಿದೆ ಎಂದು ಅವಳು ಕೇಳುತ್ತಾಳೆ. 22/7 ಅನ್ನು ಭಾಗಿಸುತ್ತಾ ಹೋದರೆ ಅದೂ ಮುಗಿಯುವುದಿಲ್ಲವಲ್ಲ?

ಉತ್ತರ (ಪ್ರೌಢಶಾಲಾ ಗಣಿತ ಶಿಕ್ಷಕ):
ನಿಮ್ಮ ಮಗಳು ಸರಿಯಾದ ಜಾಗದಲ್ಲೇ ತಡೆದು ನಿಂತಿದ್ದಾಳೆ. 22/7 ಎಂಬುದು ಪೈಯ ಸಮೀಪದ ಬೆಲೆಯೇ ಹೊರತು ಪೈ ಅಲ್ಲ. 22/7 ಎಂದರೆ 3.142857…, ಪೈ ಎಂದರೆ 3.141592…, ಮೂರನೇ ದಶಮಾಂಶ ಸ್ಥಾನದಲ್ಲೇ ಎರಡೂ ಬೇರೆಯಾಗುತ್ತವೆ. ವ್ಯಾಸ 20,000 ಇರುವ ವೃತ್ತದ ಪರಿಧಿ 62,832 ಎಂದು ಆರ್ಯಭಟನು ಹೇಳಿದಾಗಲೂ ಅದು ಸಮೀಪದ ಬೆಲೆಯೆಂದೇ ತಿಳಿಸಿದ್ದಾನೆ.

ಇನ್ನು ಮುಗಿಯದಿರುವ ವಿಷಯ. ಅವಳ ಕೈಯಿಂದಲೇ 22ನ್ನು 7ರಿಂದ ಭಾಗಿಸಿಸಿ, ಪ್ರತಿ ಹಂತದ ಶೇಷವನ್ನು ಪಕ್ಕದಲ್ಲಿ ಬರೆಸಿ. 1, 3, 2, 6, 4, 5 ಬಂದು ಮತ್ತೆ 1 ಬರುತ್ತದೆ. 7ರಿಂದ ಭಾಗಿಸುವಾಗ 0ಯಿಂದ 6ರವರೆಗಿನ ಶೇಷಗಳಷ್ಟೇ ಸಾಧ್ಯವಿರುವುದರಿಂದ, ಸೊನ್ನೆ ಬಾರದಿದ್ದರೆ ಯಾವುದಾದರೊಂದು ಶೇಷ ಮರಳಿ ಬರಲೇಬೇಕು. ಅದು ಬಂದ ಕ್ಷಣದಿಂದ ಭಾಗಾಕಾರದ ಉತ್ತರದಲ್ಲಿ 142857 ಎಂಬ ಅಂಕಿಗಳೇ ಅದೇ ಕ್ರಮದಲ್ಲಿ ಆವರ್ತವಾಗುತ್ತವೆ. ಹೀಗೆ ಭಾಗಲಬ್ಧ ಸಂಖ್ಯೆಯ ದಶಮಾಂಶ ರೂಪವು ಒಂದೋ ಮುಗಿಯುತ್ತದೆ, ಇಲ್ಲವೇ ಆವರ್ತವಾಗುತ್ತದೆ. ಮುಗಿಯದೆಯೂ ಆವರ್ತವಾಗದೆಯೂ ಸಾಗುವುದು ಮಾತ್ರ ಅಭಾಗಲಬ್ಧ.

ಉತ್ತರ (ಪದವಿ ವಿದ್ಯಾರ್ಥಿನಿ):
0.101001000100001… ಎಂಬ ಸಂಖ್ಯೆಯನ್ನೂ ಅವಳಿಗೆ ತೋರಿಸಿ. ಪ್ರತಿ ಸಲ ಒಂದು ಸೊನ್ನೆ ಹೆಚ್ಚಾಗುವುದರಿಂದ ಕ್ರಮವೇನೋ ಇದೆ, ಆದರೆ ಒಂದೇ ಗುಂಪು ಆವರ್ತವಾಗುವುದಿಲ್ಲ. ಆದ್ದರಿಂದ ಇದು ಅಭಾಗಲಬ್ಧ. ವರ್ಗಮೂಲದ ಚಿಹ್ನೆ ಕಂಡೊಡನೆ ಅಭಾಗಲಬ್ಧವೆಂದು ಬರೆಯುವ ಅಭ್ಯಾಸವೂ ಬೇಡ: √2 ಅಭಾಗಲಬ್ಧ, √4 ಎಂದರೆ 2.

ಪೋಷಕಿ:
ಇಬ್ಬರಿಗೂ ಧನ್ಯವಾದಗಳು. ಮಗಳದು ಇನ್ನೊಂದು ಸಂದೇಹ: ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಬರುವುದೇ ಪೈ ಎಂದಮೇಲೆ ಅದೂ ಒಂದು ಭಿನ್ನರಾಶಿಯೇ ಆಗಲಿಲ್ಲವೇ?

ಉತ್ತರ (ಪ್ರೌಢಶಾಲಾ ಗಣಿತ ಶಿಕ್ಷಕ):
ಭಾಗಲಬ್ಧ ಸಂಖ್ಯೆಯ ವ್ಯಾಖ್ಯೆಯಲ್ಲಿ ಅಂಶವೂ ಛೇದವೂ ಪೂರ್ಣಾಂಕಗಳಾಗಿರಬೇಕು, ಛೇದ ಸೊನ್ನೆಯಾಗಿರಬಾರದು ಎಂಬ ನಿಬಂಧನೆ ಇದೆ. ವ್ಯಾಸವನ್ನು ನೀವು ಪೂರ್ಣಾಂಕವಾಗಿ ಆರಿಸಿಕೊಂಡರೆ ಪರಿಧಿ ಪೂರ್ಣಾಂಕವಾಗಲಾರದು. ಪರಿಧಿಯನ್ನು ಆರಿಸಿಕೊಂಡರೆ ವ್ಯಾಸ ಆಗಲಾರದು. ಗಣಿತಜ್ಞ ಲ್ಯಾಂಬರ್ಟ್ 18ನೇ ಶತಮಾನದಲ್ಲಿ ಸಾಧಿಸಿ ತೋರಿಸಿದ್ದು ಇದನ್ನೇ. ಅವನ ಸಾಧನೆ ಒಂಬತ್ತನೇ ತರಗತಿಗೆ ಕಠಿಣ, ಆದರೆ √2 ಅಭಾಗಲಬ್ಧವೆಂಬುದರ ಸಾಧನೆಯನ್ನು ಅವಳು ಹತ್ತನೇ ತರಗತಿಯಲ್ಲಿ ಕಲಿಯುತ್ತಾಳೆ.

ವ್ಯಾಸ 7 ಸೆಂಟಿಮೀಟರ್ ಇರುವ ವೃತ್ತದ ಪರಿಧಿ 22/7ರ ಲೆಕ್ಕದಲ್ಲಿ 22 ಸೆಂ.ಮೀ., ವಾಸ್ತವದಲ್ಲಿ ಸುಮಾರು 21.991 ಸೆಂ.ಮೀ. ವ್ಯತ್ಯಾಸ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಿರುವುದರಿಂದ ಶಾಲೆಯ ಲೆಕ್ಕಕ್ಕೆ 22/7 ಧಾರಾಳವಾಗಿ ಸಾಕು. ಬರೆಯುವಾಗ ಸಮ ಚಿಹ್ನೆಯ ಬದಲು ≈ ಚಿಹ್ನೆಯನ್ನು ಹಾಕಲು ಹೇಳಿ.