ಬೀರು ಗೋಡೆಗೆ ತಾಗಿಸಿ ಇಟ್ಟಿದ್ದೀಯಾ ಕೂಸೇ?

ಹಲೋ... ರೆಕಾರ್ಡ್ ಆಗ್ತಾ ಇದೆ ಅಲ್ವಾ? ಹಾಂ. ಕೂಸೇ, ನಿನ್ನ ಫೋಟೋ ಈಗ ಕನ್ನಡಕ ಹಾಕ್ಕೊಂಡು ನೋಡಿದೆ. ಹೋದ ದೀಪಾವಳಿಗೆ ತಗೊಂಡ ಕಬ್ಬಿಣದ ಬೀರು, ಮೊದಲ ಮಳೆಗಾಲಕ್ಕೇ ಅಡಿಯಲ್ಲಿ ಬಣ್ಣ ಗುಳ್ಳೆ ಎದ್ದಿದೆ, ಅಂಗಡಿಯವ ಮೇಲಿಂದ ಬಣ್ಣ ಹೊಡೆದುಕೊಡ್ತೇನೆ ಅಂತಾನೆ, ಎಂತ ಮಾಡಲಿ, ಎರಡನೇದು ಕಬ್ಬಿಣದ್ದೇ ತಗೊಳ್ಳಲಾ ಪ್ಲೈವುಡ್‌ನದ್ದು ಮಾಡಿಸಲಾ ಅಂತ ಅಲ್ವಾ ನೀ ಕೇಳಿದ್ದು? ಅದಕ್ಕೆ ಮೊದಲು ಒಂದು ಹೇಳು. ಬೀರನ್ನ ಗೋಡೆಗೆ ತಾಗಿಸಿ ಇಟ್ಟಿದ್ದೀಯಾ? ಫೋಟೋದಲ್ಲಿ ಹಾಗೇ ಕಾಣ್ತದೆ.

ನಮ್ಮ ಕುಮಟಾ ಮನೆ ನಡುಕೋಣೆ ಬೀರು ನೆನಪಿದೆಯಲ್ಲ, ಕನ್ನಡಿ ಇದ್ದದ್ದು. ಅದಕ್ಕೆ ಕಾಲಿರಲಿಲ್ಲ, ತಳ ಸೀದಾ ನೆಲಕ್ಕೆ. ಇಟ್ಟದ್ದು ಬಚ್ಚಲಿನ ಪಕ್ಕದ ಗೋಡೆಗೆ ಒತ್ತಿಸಿ. ಐದನೇ ಮಳೆಗಾಲ ಮುಗಿದ ಮೇಲೆ ಸುಣ್ಣ ಹೊಡೆಸೋಣ ಅಂತ ನಾಲ್ಕು ಜನ ಹಿಡಿದು ಎತ್ತಿದ್ರೆ ಬೀರು ಮೇಲೆ ಬಂತು, ತಳ ನೆಲದಲ್ಲೇ ಉಳೀತು! ಮುಟ್ಟಿದ್ರೆ ಹಪ್ಪಳದ ಹಾಗೆ ಪುಡಿ. ಕೆಳಗಿನ ಅರೆಯಲ್ಲಿದ್ದ ರೇಷ್ಮೆ ಸೀರೆಗೆಲ್ಲ ತುಕ್ಕಿನ ಕಲೆ. ಲಿಂಬೆಹುಳಿ ತಿಕ್ಕಿದ್ದಕ್ಕೆ ಕಲೆಯ ಜೊತೆ ಸೀರೆಯ ಬಣ್ಣವೂ ಹೋಯ್ತು. ಎದುರಿಂದ ನೋಡಿದ್ರೆ ಮಾತ್ರ ಬೀರು ಹೊಸದರ ಹಾಗೇ ಇತ್ತು, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ.

ಯಾಕೆ ಹಾಗಾಯ್ತು ಅಂದ್ರೆ, ಚಿರೆಕಲ್ಲಿನ ಗೋಡೆ ನೀರು ಹೀರ್ತದೆ. ಬೀರಿನ ಬೆನ್ನಿಗೆ ಗಾಳಿ ಆಡದಿದ್ರೆ ಆ ತೇವ ಅಲ್ಲೇ ಕೂರ್ತದೆ. ಅದರ ಮೇಲೆ ಉಪ್ಪುಗಾಳಿ. ಸಾಣಿಕಟ್ಟೆ ಉಪ್ಪು ಮಳೆಗಾಲದಲ್ಲಿ ಭರಣಿಯೊಳಗೇ ಬೆವರ್ತದಲ್ಲ, ಗಾಳಿಯ ತೇವ ನೂರಕ್ಕೆ 75 ದಾಟಿದ್ರೆ ಉಪ್ಪು ತಾನೇ ನೀರು ಎಳ್ಕೊಂಡು ಕರಗ್ತದೆ. ನಿಮ್ಮ ಕಾರವಾರದ ಕೋಡಿಬಾಗದ ಮನೆಯಲ್ಲಿ ಕಿಟಕಿ ತೆಗೆದ್ರೆ ಕಾಳಿ ನದಿ ಸಮುದ್ರ ಸೇರೋ ಕಡೆಯ ಗಾಳಿ. ಬೀರಿನ ಮೇಲೆ ಕೂತ ಧೂಳೆಲ್ಲ ಉಪ್ಪೇ. ಒಣಗಿದೆ ಅಂತ ನಿಂಗೆ ಕಾಣ್ತದೆ, ಕಬ್ಬಿಣಕ್ಕೆ ಅದು ಒದ್ದೆಯೇ.

ಹಾಗಾಗಿ ಹೇಳ್ತೇನೆ, ಗೋಡೆಗೆ ತಾಗಿಸಬೇಡ, ನೆಲಕ್ಕೆ ಕೂರಿಸಬೇಡ. ಬೆನ್ನಿಗೆ ನಾಲ್ಕು ಬೆರಳು ಜಾಗ, ಅಡಿಗೆ ಹಿಡಿಸೂಡಿ ತೂರುವಷ್ಟು ಎತ್ತರ, ಅಂದ್ರೆ ಕಡಿಮೆ ಅಂದ್ರೂ ಆರಿಂಚಿನ ಕಾಲು. ಕಾಲಿಗೆ ನೈಲಾನ್ ಬುಶ್ ಹಾಕಿಸು. ನೆಲ ಒರೆಸಿದ ನೀರು ಮೊದಲು ತಿನ್ನೋದು ಕಾಲನ್ನೇ.

ನಮ್ಮನೆಯವರ ಶೆಡ್ಡಿಗೆ ರಿಪೇರಿಗೆ ಬರ್ತಿದ್ದ ಬೀರುಗಳೂ ಅಷ್ಟೇ, ತುಕ್ಕು ಹಿಡಿಯೋದು ಅಗಲವಾದ ಬಾಗಿಲಿನ ನಡುವೆ ಅಲ್ಲ. ಬೀಗದ ತೂತು, ಬೆಸುಗೆಯ ಚುಕ್ಕೆ, ಒಳಮಡಿಕೆ, ತಳದ ಅಡಿಭಾಗ. ಪುಡಿಬಣ್ಣ ಬೇಯಿಸಿ ಹಿಡಿಸೋ ಪೌಡರ್ ಕೋಟಿಂಗ್ ಒಳಮೂಲೆಗೆ ಸರಿಯಾಗಿ ಹೋಗೋದಿಲ್ಲ. ಬಣ್ಣಕ್ಕೆ ಮೊದಲು ತಗಡನ್ನ ಎಣ್ಣೆಜಿಡ್ಡು ತೆಗೆದು ಫಾಸ್ಫೇಟ್ ನೀರಲ್ಲಿ ಅದ್ದಬೇಕು, ಅದನ್ನ ಬಿಟ್ಟವರ ಬೀರಿನಲ್ಲಿ ಬಣ್ಣ ಸಿಪ್ಪೆ ಸಿಪ್ಪೆ ಏಳ್ತದೆ.

ಈಗಿನವರಿಗೆ ಇದೆಲ್ಲ ಎಲ್ಲಿ ಬೇಕು? ತಗೊಳ್ಳೋ ಮೊದಲು ಒಂದು ಫೋನಿಲ್ಲ, ತುಕ್ಕು ಹಿಡಿದ ಮೇಲೆ ಫೋಟೋ. ಆಯಿಯ ಹಲಸಿನ ಮರದ ಪೆಟ್ಟಿಗೆ ಇತ್ತಲ್ಲ, ಒರಲೆ ಮುಟ್ಟದ್ದು, ಹಿಸ್ಸೆ ಹೊತ್ತಿಗೆ ಅದು ಯಾರ ಮನೆಗೆ ಹೋಯ್ತು ಅಂತ ಈ ಗ್ರೂಪಲ್ಲಿ ಇರೋರಿಗೇ ಗೊತ್ತು. ನಾ ಹೆಸರು ಹೇಳೋದಿಲ್ಲ. ಈಗ ಅದರಲ್ಲಿ ಹಳೇ ಪೇಪರ್ ತುಂಬಿಟ್ಟಿದ್ದಾರಂತೆ. ತಾಮ್ರದ ಹಂಡೆಯನ್ನೂ ಕಿಲೋ ಲೆಕ್ಕಕ್ಕೆ ತೂಗಿ ಕೊಟ್ರು, ಕಲಾಯಿಯವ ಬರೋದಿಲ್ಲ ಅಂತ ನೆವ. ಬಚ್ಚಲ ಹಂಡೆಗೆ ಕಲಾಯಿ ಯಾತಕ್ಕೆ? ಹುಳಿ ಕಾಸೋ ಪಾತ್ರೆಗಲ್ವಾ ಅದು ಬೇಕಾದ್ದು? ಇರಲಿ, ಅಣ್ಣ ಕೇಳಿದ್ರೆ ಕೇಳ್ಲಿ.

ಅಯ್ಯೋ, ನೀ ಕೇಳಿದ್ದು ಬೇರೆ. ನೋಡು, ಈಗಲೇ ಬಣ್ಣ ಹೊಡೆಸಬೇಡ. ಗುಳ್ಳೆಯ ಒಳಗೆ ಉಪ್ಪು ಇರ್ತದೆ, ಮೇಲಿಂದ ಬಣ್ಣ ಬಳಿದ್ರೆ ಅದು ಮತ್ತೆ ನೀರು ಎಳ್ಕೊಂಡು ಏಳ್ತದೆ. ಸದ್ಯಕ್ಕೆ ಸಿಹಿನೀರಿನ ಬಟ್ಟೆಯಲ್ಲಿ ಒರೆಸು, ಒಣಬಟ್ಟೆಯಲ್ಲಿ ಒರೆಸು, ವ್ಯಾಸಲೀನ್ ತೆಳ್ಳಗೆ ಸವರಿಡು. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ 80 ನಂಬರಿನ ಪಾಲಿಶ್ ಕಾಗದದಲ್ಲಿ ಬಿಳಿ ಕಬ್ಬಿಣ ಕಾಣೋವರೆಗೆ ತಿಕ್ಕಿಸು, ಆಮೇಲೆ 120. ಸಿಹಿನೀರಲ್ಲಿ ತೊಳೆದು ಪೂರಾ ಒಣಗಿಸಿ, ಥಿನ್ನರ್‌ನಲ್ಲಿ ಒರೆಸಿ, ಅದೇ ದಿನ ಪ್ರೈಮರ್ ಬೀಳಬೇಕು. ರಾತ್ರಿ ಬಿಟ್ರೆ ಬೆಳಿಗ್ಗೆಗೆ ಕೆಂಪಾಗಿರ್ತದೆ. ರೆಡ್ ಆಕ್ಸೈಡ್‌ಗಿಂತ ಎಪಾಕ್ಸಿ ಪ್ರೈಮರ್ ವಾಸಿ. ಎರಡು ಕೈ ಪ್ರೈಮರ್, ಎರಡು ಕೈ ಬಣ್ಣ, ತಳದ ಅಡಿಗೂ. ಅಂಗಡಿಯವ ಹೀಗೆ ಮಾಡಿದ್ರೆ ಮಾಡ್ಲಿ.

ಎರಡನೇದು ಕೋಡಿಬಾಗದ ಮನೆಗಾದ್ರೆ ಪ್ಲೈವುಡ್‌ನದ್ದೇ ಮಾಡಿಸು. ಶಿರಸಿ ಮನೆಗಾಗಿದ್ರೆ ಕಬ್ಬಿಣದ್ದೇ ಅಂತಿದ್ದೆ, ಅಲ್ಲಿ ಬೂಸ್ಟು ಬರ್ತದೆ, ಉಪ್ಪಿಲ್ಲ. ಹಲಗೆಯ ಮೇಲೆ ಐಎಸ್ 710 ಅಂತ ಅಚ್ಚು ಇರಬೇಕು, ನೀರು ತಡೆಯೋ ಪ್ಲೈವುಡ್‌ನ ಮಾನಕದ ನಂಬರು, 72 ತಾಸು ಕುದಿಸಿದ್ರೂ ಪದರ ಬಿಡದ ಅಂಟು ಅದು. ಆಚಾರಿ ಬರೀ 'ವಾಟರ್‌ಪ್ರೂಫ್' ಅಂದ್ರೆ ಅಂಗೈ ಅಗಲದ ತುಂಡು ತಂದು ಒಂದು ದಿನ ಅಕ್ಕಿ ಪಾತ್ರೆಯ ಪಕ್ಕದ ಒಲೆಯಲ್ಲಿ ಕುದಿಸು, ಅಂಚು ಬಿಟ್ರೆ ವಾಪಸ್ ಕೊಡು. ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ, ಒಮ್ಮೆ ನೀರು ಕುಡಿದು ಉಬ್ಬಿದ್ರೆ ಇಳಿಯೋದಿಲ್ಲ. ಅರೆಗೆ 19 ಮಿಲಿಮೀಟರ್ ದಪ್ಪದ್ದು, ಮೂರು ಅಡಿಗಿಂತ ಉದ್ದ ಬಿಟ್ರೆ ಬಟ್ಟೆ ಭಾರಕ್ಕೆ ಬಗ್ತದೆ. ಸ್ಕ್ರೂ, ಬಿಜಾಗರಿ 304 ನಂಬರಿನ ಸ್ಟೇನ್‌ಲೆಸ್ ಸ್ಟೀಲಿನದ್ದು. ಆಯಸ್ಕಾಂತ ಹಿಡಿದು ನೋಡಿದ್ರೆ ಸಾಕು ಅಂತ ಅಳಿಯ ಹೇಳಬಹುದು, ಆದ್ರೆ 202 ನಂಬರಿನ ಸ್ಟೀಲು ಕೂಡ ಅಂಟೋದಿಲ್ಲ, ಅದರಲ್ಲಿ ನಿಕಲ್ ಕಡಿಮೆ, ಕಾರವಾರದಲ್ಲಿ ಬೇಗ ಕಲೆ ಬೀಳ್ತದೆ. ಬಿಲ್ಲಿನಲ್ಲಿ 304 ಅಂತ ಬರೆಸ್ಕೊ.

ಕಬ್ಬಿಣದ್ದೇ ಬೇಕು ಅಂತ ಹಟವಿದ್ರೆ, 22 ಗೇಜ್, ಸುಮಾರು ಮುಕ್ಕಾಲು ಮಿಲಿಮೀಟರ್. ನಂಬರು ಹೆಚ್ಚಾದಷ್ಟೂ ತಗಡು ತೆಳು, ಮರೀಬೇಡ. ಬಾಗಿಲಿಗೊಂದು ಮೈಗೊಂದು ಗೇಜ್ ಇರ್ತದೆ, ಎರಡನ್ನೂ ಕೇಳು. ತಳದ ಅಡಿಗೆ ಕೈ ಹಾಕಿ ಸವರಿ ನೋಡು, ಒರಟಾಗಿ ಬರೀ ತಗಡು ಸಿಕ್ಕಿದ್ರೆ ಬಿಟ್ಟು ಬಾ.

ಮತ್ತೆ ಆ ಟಾಯ್ಲೆಟ್ ತೊಳೆಯೋ ಆಸಿಡ್ ಬಾಟಲಿ, ಫೋಟೋದ ಮೂಲೆಯಲ್ಲಿ ಕಂಡಿತು, ಬೀರಿನ ಪಕ್ಕ ಇಡ್ತಾರಾ? ಅದರ ಆವಿಗೆ ಸ್ಟೀಲೂ ತುಕ್ಕು ಹಿಡೀತದೆ. ಹೊರಗಿಡು. ಬೀರನ್ನ ಇವತ್ತೇ ಗೋಡೆಯಿಂದ ಎಳಿ, ಬೆನ್ನಿನ ಫೋಟೋ ಹಾಕು. ಎದುರಿನದ್ದು ಬೇಡ, ಅದು ನೋಡಿ ಆಯ್ತು.