ಒಪೆಕ್ ಮೇಲೆ ಅಮೆರಿಕದಲ್ಲಿ ಕೇಸು ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ನಾನು ಕಾನೂನು ವಿದ್ಯಾರ್ಥಿನಿ. ನಾಲ್ಕು ಕಂಪನಿಗಳು ಸೇರಿ ಬೆಲೆ ಗೊತ್ತು ಮಾಡಿಕೊಂಡರೆ ಅಮೆರಿಕದಲ್ಲಿ ಜೈಲಿಗೂ ಹೋಗಬೇಕಾಗುತ್ತದೆ. ತೈಲ ರಫ್ತು ಮಾಡುವ ದೇಶಗಳ ಕೂಟವಾದ ಒಪೆಕ್‌ನ ಸದಸ್ಯರು ಮಾತ್ರ ಎಷ್ಟು ತೈಲ ತೆಗೆಯಬೇಕು ಅಂತ ಎಲ್ಲರೆದುರೇ ತೀರ್ಮಾನಿಸುತ್ತಾರೆ. ಇಂಥ ಒಪ್ಪಂದಗಳನ್ನು ನಿಷೇಧಿಸುವ ಅಮೆರಿಕದ ಶರ್ಮನ್ ಕಾಯ್ದೆಯಡಿ ಇವರ ಮೇಲೆ ಯಾರೂ ಕೇಸು ಹಾಕಿಲ್ವಾ?

ಉತ್ತರ: ಹಾಕಿದ್ದಾರಮ್ಮ. ಮೊದಲ ದೊಡ್ಡ ಕೇಸು ಹಾಕಿದ್ದು ಒಂದು ಕಾರ್ಮಿಕ ಸಂಘ. 1978ರಲ್ಲಿ ಮೆಷಿನಿಸ್ಟ್ಸ್ ಯೂನಿಯನ್ ಲಾಸ್ ಏಂಜಲೀಸ್‌ನ ಫೆಡರಲ್ ಕೋರ್ಟಿಗೆ ಹೋಯಿತು. ಒಪೆಕ್ ಮತ್ತು ಅದರ ಸದಸ್ಯ ದೇಶಗಳೇ ಪ್ರತಿವಾದಿಗಳು.

1976ರ ಒಂದು ಕಾಯ್ದೆಯ ಪ್ರಕಾರ ಬೇರೆ ದೇಶದ ಸರ್ಕಾರವನ್ನು ಅಮೆರಿಕದ ಕೋರ್ಟಿಗೆ ಎಳೆಯುವಂತಿಲ್ಲ. ಆದರೆ ಆ ಸರ್ಕಾರ ವ್ಯಾಪಾರ ಮಾಡಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಹಾಗಾಗಿ ಇಡೀ ಕೇಸು ಒಂದೇ ಪ್ರಶ್ನೆಗೆ ಬಂದು ನಿಂತಿತು: ಒಪೆಕ್ ಮಾಡುವುದು ವ್ಯಾಪಾರವೋ, ಆಡಳಿತವೋ? ತನ್ನ ನೆಲದ ಸಂಪತ್ತನ್ನು ಎಷ್ಟು ತೆಗೆಯಬೇಕು ಅನ್ನುವುದು ಆಡಳಿತ ಅಂತ 1979ರಲ್ಲಿ ಜಿಲ್ಲಾ ಕೋರ್ಟ್ ಹೇಳಿತು. ಕೇಸು ವಜಾ ಆಯಿತು.

ನನಗೆ ಈ ವಾದ ಇವತ್ತಿಗೂ ಒಪ್ಪಿಗೆಯಿಲ್ಲ. ಒಂದು ದೇಶ ತನ್ನ ಬಾವಿ ಮುಚ್ಚಿದರೆ ಅದು ಆಡಳಿತ, ಸರಿ. ಹತ್ತಾರು ದೇಶಗಳು ಮಾತಾಡಿಕೊಂಡು ಒಟ್ಟಿಗೆ ಮುಚ್ಚಿದರೆ? ಅದು ಮಾರುವವರ ಒಪ್ಪಂದವೇ ಅಲ್ವಾ?

1981ರಲ್ಲಿ ಮೇಲ್ಮನವಿ ಕೋರ್ಟ್ ಬೇರೆ ದಾರಿ ಹಿಡಿಯಿತು. ಇನ್ನೊಂದು ದೇಶ ತನ್ನ ನೆಲದಲ್ಲಿ ಸರ್ಕಾರವಾಗಿ ಮಾಡಿದ ಕೆಲಸದ ಸರಿ ತಪ್ಪನ್ನು ನಾವು ಅಳೆಯುವುದಿಲ್ಲ, ವಿದೇಶಾಂಗ ನೀತಿಗೆ ಕೈ ಹಾಕಿದಂತಾಗುತ್ತದೆ ಅಂದಿತು. ಸುಪ್ರೀಂ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಪ್ರಶ್ನೆ: ದೇಶಗಳನ್ನು ಬಿಟ್ಟು ಒಪೆಕ್ ಸಂಸ್ಥೆ ಒಂದರ ಮೇಲೇ ಹಾಕಿದರೆ?

ಉತ್ತರ: ಅದೂ ಆಗಿದೆ. 2000ದಲ್ಲಿ ಅಲಬಾಮಾದಲ್ಲಿ ಪೆಟ್ರೋಲ್ ಬಂಕ್ ನಡೆಸುವವರೊಬ್ಬರು ಹಾಕಿದರು. ಒಪೆಕ್ ಪರವಾಗಿ ಯಾರೂ ಬರಲಿಲ್ಲ. 2001ರಲ್ಲಿ ಕೋರ್ಟ್ ಒಂದು ವರ್ಷದ ತಡೆಯಾಜ್ಞೆಯನ್ನೇ ಕೊಟ್ಟಿತು! ಆಮೇಲೆ ಒಪೆಕ್ ವಕೀಲರು ಬಂದರು. ಸಂಸ್ಥೆಯ ಕಚೇರಿ ಇರುವುದು ವಿಯೆನ್ನಾದಲ್ಲಿ. ಆಸ್ಟ್ರಿಯಾದ ಕಾನೂನಿನಂತೆ ಒಪೆಕ್ ಒಪ್ಪದೆ ಅದಕ್ಕೆ ಸಮನ್ಸ್ ಜಾರಿ ಮಾಡುವ ಹಾಗಿಲ್ಲ. ಆಜ್ಞೆ ರದ್ದಾಯಿತು, ಕೇಸೂ ಹೋಯಿತು. 2003ರಲ್ಲಿ ಮೇಲ್ಮನವಿ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಬೆಲೆಯ ವಿಚಾರಕ್ಕೆ ಬರುವ ಮೊದಲೇ ಬಾಗಿಲು ಮುಚ್ಚಿತು ನೋಡಿ.

ಪ್ರಶ್ನೆ: ಹಾಗಾದರೆ ಕಾನೂನನ್ನೇ ತಿದ್ದಬಹುದಲ್ವಾ?

ಉತ್ತರ: ಅದಕ್ಕೇ ನೋಪೆಕ್ ಮಸೂದೆ ಇದೆ. ಸರ್ಕಾರಗಳಿಗಿರುವ ರಕ್ಷಣೆಯನ್ನೂ, ಆ 1981ರ ನೆಪವನ್ನೂ ಅದು ತೆಗೆದುಹಾಕುತ್ತದೆ. 2007ರಲ್ಲಿ ಅಮೆರಿಕದ ಕೆಳಮನೆಯಲ್ಲಿ 345–72 ಮತಗಳಿಂದ ಪಾಸಾಯಿತು. ಅಧ್ಯಕ್ಷ ಬುಷ್ ಆಡಳಿತ ವೀಟೊ ಎಚ್ಚರಿಕೆ ಕೊಟ್ಟಿತು, ಅಲ್ಲಿಗೆ ನಿಂತಿತು. 2022ರಲ್ಲಿ ಸೆನೆಟ್ ಸಮಿತಿಯಲ್ಲಿ 17–4ರಿಂದ ಮತ್ತೆ ಪಾಸಾದರೂ ಕಾನೂನಾಗಲಿಲ್ಲ. ತೈಲ ದೇಶಗಳು ತಿರುಗಿಬೀಳಬಹುದು, ಬೇರೆ ದೇಶಗಳೂ ಅಮೆರಿಕ ಸರ್ಕಾರದ ಮೇಲೆ ಇಂಥದ್ದೇ ಕೇಸು ಹಾಕಬಹುದು ಅನ್ನುವ ಭಯ. ಭಯದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ.

ಮಸೂದೆಯಲ್ಲಿ ಒಂದು ಸಾಲನ್ನು ಮಾತ್ರ ಗಮನಿಸಿ ಓದಿ. ಕೇಸು ಹಾಕುವ ಅಧಿಕಾರ ಇರುವುದು ಅಟಾರ್ನಿ ಜನರಲ್‌ಗೆ, ಅಂದರೆ ಸರ್ಕಾರದ ಪರ ಕೇಸು ನಡೆಸುವವರಿಗೆ ಮಾತ್ರ. ಅದು ಪಾಸಾಗಿದ್ದರೂ ಆ ಕಾರ್ಮಿಕ ಸಂಘಕ್ಕಾಗಲಿ, ಆ ಬಂಕ್ ಮಾಲೀಕರಿಗಾಗಲಿ ಅದರಡಿ ಕೋರ್ಟಿನ ಬಾಗಿಲು ತೆರೆಯುತ್ತಿರಲಿಲ್ಲ.